ಕಂಪ್ಯೂಟರಿಗೆ ಎಷ್ಟು ಇಂಗ್ಲಿಷ್ ಬೇಕು? ಕನ್ನಡ ಮಾಧ್ಯಮದ ಮನೆಗಳಿಗೆ ಪೈಥಾನ್ ವಾಕ್ಯರಚನೆಯ ಮೊದಲ ಪಾಠ

ಶಾಲಾ ದಾಖಲಾತಿಯ ದಿನಗಳಲ್ಲಿ ಪಣಕಹಳ್ಳಿಯ ಒಬ್ಬ ತಾಯಿ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದರು: "ಕಂಪ್ಯೂಟ್ರೆಲ್ಲ ಇಂಗ್ಲೀಸಲ್ಲೇ ಅಲ್ವಾ ಸಾ ಇರದು? ಕನ್ನಡದಲ್ಲಿ ಓದ್ಕಂಡು ನಮ್ಮೈದ ಮುಂದಕ್ಕೆ ಏನ್ ಮಾಡಾನು?" ಅವರ ಮಗ ಐದನೆಯ ತರಗತಿ ಮುಗಿಸಿದ್ದ. ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಕೆಳಗಿನ ಊರೊಂದರ ಇಂಗ್ಲಿಷ್ ಮಾಧ್ಯಮ ಶಾಲೆಗೆ, ಹಾಸ್ಟೆಲ್ಲಿಗೆ ಸೇರಿಸುವ ಮಾತು ಮನೆಯಲ್ಲಿ ನಡೆದಿತ್ತು. ಕೋಸು ಮಾರಿದ ಹಣ ಶುಲ್ಕಕ್ಕೆಂದು ಎತ್ತಿಟ್ಟಿದ್ದೂ ಆಗಿತ್ತು.

ಈ ಪ್ರಶ್ನೆ ಒಬ್ಬ ತಾಯಿಯದಲ್ಲ. ತಾಳವಾಡಿ ಸೀಮೆಯಲ್ಲಿ ಕನ್ನಡ ಮಾಧ್ಯಮದಿಂದ ಮಕ್ಕಳನ್ನು ಬಿಡಿಸುವಾಗ ಪೋಷಕರು ಹೇಳುವ ಕಾರಣಗಳಲ್ಲಿ ಇದು ಮೇಲಿಂದ ಮೇಲೆ ಕೇಳಿಬರುತ್ತದೆ. ಇದಕ್ಕೆ "ಹಾಗೇನೂ ಇಲ್ಲ" ಎಂದು ಉತ್ತರಿಸಿದರೆ ಸಾಲದು, ತೋರಿಸಬೇಕು. ತಮಿಳುನಾಡಿನ ಹನ್ನೆರಡನೆಯ ತರಗತಿಯ ಗಣಕ ವಿಜ್ಞಾನ ಪಠ್ಯದಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಿದೆ. ಇಂದು ಐದು ಮುಗಿಸಿದ ಮಗು ಆ ವಿಷಯವನ್ನು ಆರಿಸಿಕೊಂಡರೆ ಏಳು ವರ್ಷಗಳಲ್ಲಿ ಅದನ್ನು ಎದುರಿಸುತ್ತದೆ. ಈ ಭಾಷೆಯನ್ನು ಹೊಗಳುವವರೆಲ್ಲರೂ "ಅದು ಸರಳ ಇಂಗ್ಲಿಷಿನಂತೆ ಓದಿಸಿಕೊಳ್ಳುತ್ತದೆ" ಎನ್ನುತ್ತಾರೆ. ಅವರಿಗೆ ಹೊಗಳಿಕೆಯಾದದ್ದು ನಮ್ಮ ಮನೆಗಳಲ್ಲಿ ಭಯವಾಗಿದೆ. ಆದ್ದರಿಂದ ಆ ಭಾಷೆಯ ವಾಕ್ಯಗಳನ್ನು ಬಿಡಿಸಿ, ಅದರಲ್ಲಿ ಇಂಗ್ಲಿಷ್ ಎಷ್ಟಿದೆ, ಉಳಿದದ್ದು ಏನು ಎಂಬುದನ್ನು ಪೋಷಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಹಳೆಯ ಪ್ರಸಂಗ. 1950ರ ದಶಕದಲ್ಲಿ ಅಮೆರಿಕದ ರೆಮಿಂಗ್ಟನ್ ರ‍್ಯಾಂಡ್ ಕಂಪನಿಯಲ್ಲಿದ್ದ ಗಣಿತಜ್ಞೆ ಗ್ರೇಸ್ ಹಾಪರ್ ಅವರು, ಅಂಕಿ ಮತ್ತು ಸಂಕೇತಗಳ ಬದಲು ಇಂಗ್ಲಿಷ್ ಪದಗಳಲ್ಲಿಯೇ ಯಂತ್ರಕ್ಕೆ ಆಜ್ಞೆ ಕೊಡಬಹುದೆಂದು ತೋರಿಸಿದರು. ಬಳಿಕ ಅದೇ ಕಾರ್ಯಕ್ರಮವನ್ನು ಫ್ರೆಂಚ್ ಪದಗಳಲ್ಲಿ, ಅನಂತರ ಜರ್ಮನ್ ಪದಗಳಲ್ಲಿ ಬರೆದು ತೋರಿಸಿದರು. ಯಂತ್ರಕ್ಕೆ ಮೂರೂ ಒಂದೇ. ಪದದ ಜಾಗದಲ್ಲಿ ಪದ ಬದಲಾಯಿತು, ಅಷ್ಟೆ. ಆದರೆ ಆಡಳಿತ ವರ್ಗದವರು ಬೆಚ್ಚಿದರು: ಫಿಲಡೆಲ್ಫಿಯಾದಲ್ಲಿ ತಯಾರಾದ ಅಮೆರಿಕದ ಯಂತ್ರಕ್ಕೆ ಫ್ರೆಂಚ್, ಜರ್ಮನ್ ತಿಳಿಯುವುದುಂಟೇ! ಕೊನೆಗೆ ಇಂಗ್ಲಿಷ್ ಒಂದನ್ನೇ ಬಳಸುವುದಾಗಿ ಹಾಪರ್ ಮಾತು ಕೊಡಬೇಕಾಯಿತು. ಅವರ ಆ ಕೆಲಸದ ನೆರಳಿನಲ್ಲೇ 1959ರಲ್ಲಿ ಕೋಬಾಲ್ ಎಂಬ, ಇಂಗ್ಲಿಷ್ ವಾಕ್ಯಗಳಂತೆ ಕಾಣುವ ವ್ಯವಹಾರದ ಭಾಷೆ ರೂಪುಗೊಂಡಿತು. ಯಂತ್ರಕ್ಕೆ ಇಂಗ್ಲಿಷ್ ಅಂಟಿಕೊಂಡದ್ದು ಹೀಗೆ, ಯಂತ್ರದ ಹಟದಿಂದಲ್ಲ, ಮನುಷ್ಯರ ಹಟದಿಂದ. ಪಣಕಹಳ್ಳಿಯ ತಾಯಿಗೂ ಆ ಅಧಿಕಾರಿಗಳಿಗೂ ಇದ್ದ ತಪ್ಪು ತಿಳಿವಳಿಕೆ ಒಂದೇ ಎಂಬುದು ನನಗೆ ಸೋಜಿಗ.

ಪೈಥಾನನ್ನು ಸೃಷ್ಟಿಸಿದ ಗೀಡೋ ವಾನ್ ರೋಸಮ್ ಇಂಗ್ಲಿಷರಲ್ಲ. ನೆದರ್ಲೆಂಡ್ಸಿನವರು, ಮನೆಮಾತು ಡಚ್. ಆಮ್‌ಸ್ಟರ್‌ಡ್ಯಾಮಿನ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದಾಗ 1989ರ ಡಿಸೆಂಬರಿನಲ್ಲಿ ಕೆಲಸ ಆರಂಭಿಸಿ 1991ರ ಫೆಬ್ರವರಿಯಲ್ಲಿ ಮೊದಲ ಆವೃತ್ತಿಯನ್ನು ಹೊರತಂದರು. ಹೆಸರು ಹೆಬ್ಬಾವಿನದಲ್ಲ, ಅವರಿಗೆ ಪ್ರಿಯವಾಗಿದ್ದ 'ಮಾಂಟಿ ಪೈಥಾನ್' ಎಂಬ ಹಾಸ್ಯ ಕಾರ್ಯಕ್ರಮದ್ದು. ಲುವಾ ಎಂಬ ಇನ್ನೊಂದು ಭಾಷೆ 1993ರಲ್ಲಿ ಪೋರ್ಚುಗೀಸ್ ಮಾತನಾಡುವ ಬ್ರೆಜಿಲಿನಲ್ಲಿ ಹುಟ್ಟಿತು. 1995ರಲ್ಲಿ ಬಿಡುಗಡೆಯಾದ ರೂಬಿಯನ್ನು ಜಪಾನಿನ ಯುಕಿಹಿರೊ ಮಾತ್ಸುಮೊತೊ ರಚಿಸಿದರು. ಹೊರಗಿನ ಪದಗಳು ಇಂಗ್ಲಿಷಿನವಾದರೂ ಇವನ್ನು ಕಟ್ಟಿದವರು ತಮ್ಮ ತಮ್ಮ ಮಾತಿನಲ್ಲಿ ಬೆಳೆದವರು.

ಈಗ ಭಾಷೆಗೆ ಬರೋಣ. ಪೈಥಾನಿನಲ್ಲಿ ಕಾಯ್ದಿರಿಸಿದ ಪದಗಳು, ಅಂದರೆ ಅದರ ವ್ಯಾಕರಣಕ್ಕೇ ಸೇರಿದ ಬದಲಾಯಿಸಲಾಗದ ಪದಗಳು, ಒಟ್ಟು 35. ಶಾಲೆಯ ಮಟ್ಟದಲ್ಲಿ ಹದಿನೈದು ಸಾಕು. ಇಫ್, ಎಲ್ಸ್, ಫಾರ್, ಇನ್, ವೈಲ್, ಆ್ಯಂಡ್, ಆರ್, ನಾಟ್, ಡೆಫ್, ರಿಟರ್ನ್, ಹೀಗೆ. ನಮ್ಮ ಮಕ್ಕಳು ಮೂರನೆಯ ತರಗತಿಯಲ್ಲಿ ಇದಕ್ಕಿಂತ ಹೆಚ್ಚು ಇಂಗ್ಲಿಷ್ ಪದಗಳನ್ನು ಬಲ್ಲರು. ಉಳಿದದ್ದೆಲ್ಲ ಬರೆಯುವವರು ಇಡುವ ಹೆಸರುಗಳು, ಅಂಕಿಗಳು, ಚಿಹ್ನೆಗಳು. 2008ರ ಡಿಸೆಂಬರಿನಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಈಚೆಗೆ ಆ ಹೆಸರುಗಳು ಕನ್ನಡ ಲಿಪಿಯಲ್ಲಿಯೂ ಇರಬಹುದು. ಒಂದು ಲೆಕ್ಕ ನೋಡಿ. (ಕಾಯ್ದಿರಿಸಿದ ಪದಗಳನ್ನೂ 'ಪ್ರಿಂಟ್' ಎಂಬುದನ್ನೂ ಓದಲು ಅನುಕೂಲವಾಗಲೆಂದು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ನಮ್ಮ ಲಿಪಿಯಲ್ಲಿ ಬರೆದಿದ್ದೇನೆ; ಯಂತ್ರದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಮಿಕ್ಕ ಕನ್ನಡ ಹೆಸರುಗಳನ್ನು ಇರುವಂತೆಯೇ ಬರೆಯಬಹುದು.)

ದರ = 18
ತೂಕ = 640
ಸಾಗಣೆ = 900
ಉಳಿಕೆ = ದರ * ತೂಕ - ಸಾಗಣೆ
ಪ್ರಿಂಟ್(ಉಳಿಕೆ)

ಕಿಲೋಗೆ 18 ರೂಪಾಯಿಯಂತೆ 640 ಕಿಲೋ ಕೋಸು, ಲಾರಿ ಬಾಡಿಗೆ 900. ಯಂತ್ರ 10620 ಎಂದು ತೋರಿಸುತ್ತದೆ. ಸಾಲಿಗೊಂದು ವಾಕ್ಯ, ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಪಾಲಿಸುತ್ತದೆ. ನಕ್ಷತ್ರ ಚಿಹ್ನೆಯೆಂದರೆ ಗುಣಾಕಾರ. ಗುಣಾಕಾರವನ್ನು ಮೊದಲು ಮಾಡಿ ಆಮೇಲೆ ಕಳೆಯುವುದು ಗಣಿತದ ತರಗತಿಯ ನಿಯಮವೇ. ಐದು ಸಾಲುಗಳಲ್ಲಿ ಇಂಗ್ಲಿಷ್ ಪದ ಒಂದೇ ಒಂದು, ಪ್ರಿಂಟ್. ಅದೂ ಕಾಯ್ದಿರಿಸಿದ ಪದವಲ್ಲ, ಸಿದ್ಧವಾಗಿಟ್ಟ ಕೆಲಸವೊಂದರ ಹೆಸರು. ಆದ್ದರಿಂದ ಮೊದಲ ಸಾಲಿನಲ್ಲಿ 'ಮುದ್ರಿಸು = ಪ್ರಿಂಟ್' ಎಂದು ಬರೆದುಬಿಟ್ಟರೆ ಮುಂದೆ 'ಮುದ್ರಿಸು(ಉಳಿಕೆ)' ಎಂದೇ ಆಜ್ಞೆ ಕೊಡಬಹುದು, ಯಂತ್ರ ಒಪ್ಪುತ್ತದೆ. ಇಫ್, ಎಲ್ಸ್‌ಗಳನ್ನು ಮಾತ್ರ ಹೀಗೆ ಬದಲಾಯಿಸಲಾಗದು.

ಸಮ ಚಿಹ್ನೆಯ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮಕ್ಕಳು ಮೊದಲು ಎಡವುವುದು ಇಲ್ಲಿ. ಗಣಿತದಲ್ಲಿ 'ತೂಕ = ತೂಕ + 50' ಎಂದರೆ ತಪ್ಪು; ಯಾವ ಸಂಖ್ಯೆಯೂ ತನಗಿಂತ ಐವತ್ತು ಹೆಚ್ಚಿರಲಾರದು. ಪೈಥಾನಿನಲ್ಲಿ ಅದು ಸರಿ. ಅಲ್ಲಿ ಒಂಟಿ ಸಮ ಚಿಹ್ನೆ ಹೋಲಿಕೆಯಲ್ಲ, ಆಜ್ಞೆ: ಬಲಗಡೆಯ ಬೆಲೆಯನ್ನು ಕಂಡುಹಿಡಿದು ಎಡಗಡೆಯ ಹೆಸರಿನಲ್ಲಿ ಇರಿಸು. ಎರಡೂ ಸಮವೇ ಎಂದು ಕೇಳಬೇಕಾದರೆ ಜೋಡಿ ಸಮ ಚಿಹ್ನೆ ಹಾಕಬೇಕು. ಇಂಗ್ಲಿಷಿನಲ್ಲಿ ಎರಡನ್ನೂ 'ಈಸ್' ಎಂದೇ ಓದಿಕೊಂಡು ಗೊಂದಲಕ್ಕೆ ಬೀಳುವ ಮಕ್ಕಳನ್ನು ನೋಡಿದ್ದೇನೆ. ನಾನು ಕನ್ನಡದಲ್ಲಿ ಹೀಗೆ ಓದಿಸುತ್ತೇನೆ: ಒಂಟಿಯಾದರೆ 'ಆಗಲಿ', ಜೋಡಿಯಾದರೆ 'ಆಗಿದೆಯೇ?'. 'ದರ 18 ಆಗಲಿ.' 'ದರ 18 ಆಗಿದೆಯೇ?' ಕ್ರಿಯಾಪದದ ರೂಪವೇ ಅರ್ಥವನ್ನು ಬೇರ್ಪಡಿಸಿಬಿಡುತ್ತದೆ. ಇಷ್ಟನ್ನು ಹೇಳಿಕೊಟ್ಟ ಮೇಲೆ ಆ ತಪ್ಪು ಅಪರೂಪ.

ಇನ್ನು ಷರತ್ತು. ದರ ಹತ್ತಕ್ಕಿಂತ ಕಡಿಮೆಯಿದ್ದರೆ ಕೊಯ್ಲು ಬೇಡ, ಇಲ್ಲದಿದ್ದರೆ ಲಾರಿಗೆ ಹೇಳಿ:

ಇಫ್ ದರ < 10:
    ಪ್ರಿಂಟ್("ಇಂದು ಕೊಯ್ಲು ಬೇಡ")
ಎಲ್ಸ್:
    ಪ್ರಿಂಟ್("ಲಾರಿಗೆ ಹೇಳಿ")

ಷರತ್ತಿನ ಕೊನೆಯಲ್ಲಿ ವಿವರಣಾ ಚಿಹ್ನೆ, ಅಂದರೆ ಎರಡು ಚುಕ್ಕೆ. ಅದರಡಿಯ ಸಾಲು ನಾಲ್ಕು ಸ್ಥಳ ಒಳಕ್ಕೆ ಸರಿದಿದೆ. ಇದು ಅಂದಕ್ಕಾಗಿ ಅಲ್ಲ, ವ್ಯಾಕರಣ. ಮನೆಯ ಲೆಕ್ಕದ ಪುಸ್ತಕದಲ್ಲಿ 'ಗೊಬ್ಬರ' ಎಂದು ಬರೆದು ಅದರ ಬಾಬ್ತುಗಳನ್ನು ಸ್ವಲ್ಪ ಒಳಸರಿಸಿ ಬರೆಯುವುದಿಲ್ಲವೇ? ಒಳಸರಿದದ್ದೆಲ್ಲ ಆ ತಲೆಬರಹಕ್ಕೆ ಸೇರಿದ್ದು, ಮತ್ತೆ ಅಂಚಿಗೆ ಬಂದ ಸಾಲು ಬೇರೆಯದು. ಪೈಥಾನ್ ಇದನ್ನೇ ಕಡ್ಡಾಯ ಮಾಡಿದೆ. ಒಳಸರಿಸಲು ಮರೆತರೆ ಕೆಲಸ ನಿಲ್ಲಿಸಿ ದೂರು ಹೇಳುತ್ತದೆ. ಮೂರನೆಯ ಸಾಧ್ಯತೆಯಿದ್ದರೆ ನಡುವೆ 'ಎಲಿಫ್' ಎಂಬ ಪದ ಬರುತ್ತದೆ. ಇದು ಯಾವ ಇಂಗ್ಲಿಷ್ ನಿಘಂಟಿನಲ್ಲೂ ಸಿಗುವ ಪದವಲ್ಲ. ಎಲ್ಸ್, ಇಫ್ ಎರಡನ್ನೂ ಬೆಸೆದದ್ದು. ಸಂಜೆಯಾದರೆ ಆನೆಯ ಮಾತೇ ಆಗಿರುವ ನಮ್ಮ ಊರಿನ ಮಕ್ಕಳಿಗೆ ಅದು ಅರ್ಧ ಎಲಿಫೆಂಟ್ ಆಗಿ ಕೇಳಿಸಿ ಒಮ್ಮೆಗೇ ನೆನಪಿನಲ್ಲಿ ಉಳಿಯಿತು. 'ಡೆಫ್' ಎಂಬುದೂ ಅಂಥದೇ ತುಂಡು ಪದ. ಇಂಗ್ಲಿಷ್ ಮಾಧ್ಯಮದ ಮಗುವೂ ಇವುಗಳ ಮುಂದೆ ನಮ್ಮ ಮಗುವಿನಷ್ಟೇ ಹೊಸಬ.

ನಿಜವಾದ ತೊಡಕು ಪದಗಳಲ್ಲಿಲ್ಲ, ಪದಗಳ ಕ್ರಮದಲ್ಲಿದೆ. ಇದನ್ನು ಶಿಕ್ಷಕರು ಬಾಯಿಬಿಟ್ಟು ಹೇಳಬೇಕು. ಕನ್ನಡದಲ್ಲಿ 'ಮಳೆ ಬಂದರೆ' ಎನ್ನುತ್ತೇವೆ. ಷರತ್ತಿನ ಗುರುತು ಕ್ರಿಯಾಪದಕ್ಕೆ ಅಂಟಿಕೊಂಡು ಕೊನೆಯಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ, ಹಾಗಾಗಿ ಪೈಥಾನಿನಲ್ಲಿ, 'ಇಫ್' ಮುಂದೆಯೇ ನಿಂತು ಎಚ್ಚರಿಸುತ್ತದೆ. ನಾವು 'ಉಳಿಕೆಯನ್ನು ಮುದ್ರಿಸು' ಎಂದರೆ ಅದು ಮೊದಲು ಕ್ರಿಯೆಯನ್ನು ಹೇಳಿ ಆಮೇಲೆ ಕರ್ಮವನ್ನು ಆವರಣದಲ್ಲಿ ಇಡುತ್ತದೆ. ಮಗುವಿಗೆ ಈ ತಿರುವನ್ನು ಹೇಳದೆ ಬರಿಯ ಇಂಗ್ಲಿಷ್ ಸಾಲುಗಳನ್ನು ಬಾಯಿಪಾಠ ಮಾಡಿಸಿದರೆ ಅದು ಮಂತ್ರವಾಗುತ್ತದೆ. ಒಂದು ವಾಕ್ಯವನ್ನು ಕನ್ನಡದಲ್ಲಿ ಹೇಳಿಸಿ, ಗುರುತನ್ನು ಹಿಂದಿನಿಂದ ಮುಂದಕ್ಕೆ ತರಿಸಿದರೆ ಪಾಠವಾಗುತ್ತದೆ.

ಈ ಕ್ರಮವೇನೂ ಯಂತ್ರದ ಅಗತ್ಯವಲ್ಲ ಎಂಬುದಕ್ಕೆ ಸಾಕ್ಷಿ ನಮ್ಮದೇ ರಾಜ್ಯದ ಭಾಷೆಯಲ್ಲಿದೆ. ಮುತ್ತು ಅಣ್ಣಾಮಲೈ ಎಂಬವರು ಆರಂಭಿಸಿದ 'ಎಳಿಲ್' ಎಂಬ ತಮಿಳು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಷರತ್ತನ್ನು ಮೊದಲು ಬರೆದು 'ಆನಾಲ್' ಎಂಬ ಪದವನ್ನು ಅದರ ನಂತರ ಇಡುತ್ತಾರೆ. 'ಇಲ್ಲೈ' ಎಂದರೆ ಎಲ್ಸ್, 'ಮುಡಿ' ಎಂದರೆ ಆ ಭಾಗ ಮುಗಿಯಿತು, 'ಪದಿಪ್ಪಿ' ಎಂದರೆ ಮುದ್ರಿಸು. ನಮ್ಮ 'ಆದರೆ'ಯ ಜಾಗದಲ್ಲಿಯೇ ಅವರ 'ಆನಾಲ್'. ದ್ರಾವಿಡ ಭಾಷೆಯ ವಾಕ್ಯಕ್ರಮದಲ್ಲಿ ಯಂತ್ರ ನಡೆಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಇನ್ನೊಂದು ಸಂಗತಿಯೆಂದರೆ ಎಳಿಲ್ ಭಾಷೆಯನ್ನು ಒಳಗೆ ನಡೆಸುತ್ತಿರುವುದು ಪೈಥಾನೇ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ನಮ್ಮ ಮಕ್ಕಳು ತಮಿಳನ್ನೂ ಓದುತ್ತಿದ್ದಾರೆ. ಆ ಕಾಯ್ದೆ ಅಲ್ಪಸಂಖ್ಯಾತ ಭಾಷೆಯ ಶಾಲೆಗಳಿಗೆ ತಂದ ತೊಂದರೆ ಬೇರೆಯ ಮಾತು, ಅದನ್ನು ಬೇರೆಡೆ ಬರೆದಿದ್ದೇನೆ. ಆದರೆ ಓದು ಬಂದ ಮೇಲೆ ಎಳಿಲ್‌ನ ಸಾಲುಗಳನ್ನು ತೋರಿಸದಿರುವುದು ದಡ್ಡತನ. ಎಂಟನೆಯ ತರಗತಿಯ ಮಕ್ಕಳು ಅದನ್ನು ನೋಡಿ 'ಇದು ನಾವು ಮಾತಾಡೋ ಹಂಗೇ ಅದ' ಎಂದರು.

ಕನ್ನಡದಲ್ಲಿ ಏನೂ ಆಗಿಲ್ಲವೇ ಎಂದರೆ, ಆಗಿದೆ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪೇಪರ್ಟ್, ವಾಲಿ ಫರ್ಜೈಗ್, ಸಿಂಥಿಯಾ ಸಾಲೊಮನ್ ಮೊದಲಾದವರು ಮಕ್ಕಳಿಗಾಗಿ ರೂಪಿಸಿದ ಲೋಗೋ ಭಾಷೆಯನ್ನು ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು.ಬಿ. ಪವನಜ ಅವರು ಕನ್ನಡಕ್ಕೆ ತಂದರು. ಪರದೆಯ ಮೇಲಿನ ಆಮೆಗೆ ಇಷ್ಟು ದೂರ ಮುಂದೆ ಹೋಗು, ಇಷ್ಟು ಡಿಗ್ರಿ ಬಲಕ್ಕೆ ತಿರುಗು ಎಂದು ಕನ್ನಡದಲ್ಲೇ ಆಜ್ಞೆ ಕೊಡುವುದು, ಅದು ಗೆರೆ ಎಳೆಯುತ್ತ ಹೋಗುವುದು. ನೂರು ಹೆಜ್ಜೆ ಮುಂದೆ, ತೊಂಬತ್ತು ಡಿಗ್ರಿ ಬಲಕ್ಕೆ, ಇದನ್ನು ನಾಲ್ಕು ಸಲ ಮಾಡಿದರೆ ಚೌಕ. ಇದು ಹತ್ತಾರು ವರ್ಷಗಳ ಹಿಂದಿನ ಕೆಲಸ. ನಮ್ಮ ಗಡಿಶಾಲೆಗಳಲ್ಲಿ ಇದರ ಹೆಸರು ಕೇಳಿದವರೇ ವಿರಳ ಎಂಬುದು ಭಾಷೆಯ ಕೊರತೆಯಲ್ಲ, ನಮ್ಮ ಕೊರತೆ. ಕಂಪ್ಯೂಟರ್ ಇಲ್ಲದಿದ್ದರೂ ಅಂಗಳದಲ್ಲಿ ಒಂದು ಮಗುವನ್ನು ಆಮೆ ಮಾಡಿ ಈ ಆಟ ಆಡಿಸಬಹುದು. ನಾನು ಆಡಿಸುತ್ತೇನೆ.

ಮತ್ತೆ ಪೈಥಾನಿಗೆ. ಒಂದೇ ಕೆಲಸವನ್ನು ಪಟ್ಟಿಯ ಎಲ್ಲದಕ್ಕೂ ಮಾಡಬೇಕಾದಾಗ:

ದರಗಳು = [18, 12, 9, 22]
ಫಾರ್ ದರ ಇನ್ ದರಗಳು:
    ಪ್ರಿಂಟ್(ದರ * 50)

'ದರಗಳಲ್ಲಿ ಪ್ರತಿಯೊಂದು ದರಕ್ಕೂ ಐವತ್ತರಿಂದ ಗುಣಿಸಿ ತೋರಿಸು.' ಐವತ್ತು ಕಿಲೋ ಮೂಟೆಗೆ ನಾಲ್ಕು ದಿನಗಳ ಬೆಲೆ 900, 600, 450, 1100 ಎಂದು ಒಂದರ ಕೆಳಗೊಂದು ಬರುತ್ತದೆ. ಇಂಗ್ಲಿಷಿನ 'ಇನ್' ಹೆಸರಿನ ಮುಂದೆ ನಿಂತರೆ ನಮ್ಮ ಸಪ್ತಮಿ ವಿಭಕ್ತಿಯ 'ಅಲ್ಲಿ' ಹೆಸರಿನ ಹಿಂದೆ ಬರುತ್ತದೆ. ವಿಭಕ್ತಿ ಪ್ರತ್ಯಯ ಕಲಿತ ಮಗುವಿಗೆ ಇದನ್ನು ಒಂದು ಮಾತಿನಲ್ಲಿ ಹೇಳಿ ಮುಗಿಸಬಹುದು.

'ಇಂಗ್ಲಿಷಿನಂತೆಯೇ ಓದಿಕೊಳ್ಳಿ' ಎಂಬ ಸಲಹೆ ಎಲ್ಲಿ ಕೈಕೊಡುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಬೇಕು. ಬೆಳೆ ಕೋಸು ಅಥವಾ ಆಲೂಗಡ್ಡೆಯಾಗಿದ್ದರೆ ಎಂದು ಕೇಳಲು ಹೊಸಬರು ಹೀಗೆ ಬರೆಯುತ್ತಾರೆ:

ಇಫ್ ಬೆಳೆ == "ಕೋಸು" ಆರ್ "ಆಲೂಗಡ್ಡೆ":

ಇಂಗ್ಲಿಷಿನಲ್ಲಿ ಓದಿದರೆ ಅಚ್ಚುಕಟ್ಟು. ಯಂತ್ರವೂ ದೂರು ಹೇಳದೆ ಒಪ್ಪಿಕೊಳ್ಳುತ್ತದೆ. ಆದರೆ ಬೆಳೆ ಅರಿಸಿನವಾಗಿದ್ದರೂ ಬಾಳೆಯಾಗಿದ್ದರೂ ಉತ್ತರ 'ಹೌದು' ಎಂದೇ ಬರುತ್ತದೆ! ಕಾರಣವೇನೆಂದರೆ ಪೈಥಾನ್ ಇದನ್ನು ಎರಡು ಬೇರೆ ಪ್ರಶ್ನೆಗಳಾಗಿ ಒಡೆಯುತ್ತದೆ: ಬೆಳೆ ಕೋಸು ಆಗಿದೆಯೇ? ಅಥವಾ, ಆಲೂಗಡ್ಡೆ? ಎರಡನೆಯದರಲ್ಲಿ ಹೋಲಿಕೆಯೇ ಇಲ್ಲ. ಖಾಲಿಯಲ್ಲದ ಪದವೊಂದಿದೆ ಅಷ್ಟೆ, ಮತ್ತು ಖಾಲಿಯಲ್ಲದ್ದನ್ನೆಲ್ಲ ಅದು 'ಹೌದು' ಎಂದು ಎಣಿಸುತ್ತದೆ. ಸರಿಯಾಗಿ ಬರೆಯಬೇಕಾದರೆ 'ಬೆಳೆ ==' ಎಂಬುದನ್ನು ಎರಡೂ ಕಡೆ ಬರೆಯಬೇಕು, ಇಲ್ಲವೇ 'ಇಫ್ ಬೆಳೆ ಇನ್ ["ಕೋಸು", "ಆಲೂಗಡ್ಡೆ"]:' ಎನ್ನಬೇಕು. ಕನ್ನಡದಲ್ಲಿ ಯೋಚಿಸಿದರೂ ಈ ಬಲೆಗೆ ಬೀಳಬಹುದು ಎಂದು ಒಪ್ಪುತ್ತೇನೆ. ಹೊರಬರುವ ದಾರಿ ಮಾತ್ರ ನಿಯಮದ ತಿಳಿವಳಿಕೆ. ಇಂಗ್ಲಿಷ್ ಎಷ್ಟು ಚೆನ್ನಾಗಿದ್ದರೂ ಅದು ಇಲ್ಲಿ ಕೈಹಿಡಿಯದು. 1978ರಷ್ಟು ಹಿಂದೆಯೇ ಡಚ್ ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರ, ಆಡುಮಾತಿನಲ್ಲೇ ಪ್ರೋಗ್ರಾಂ ಬರೆಯುವ ಆಸೆ ಮೂರ್ಖತನವೆಂದು ವಾದಿಸಿದ್ದರು. ನಾನು ಅಷ್ಟು ಕಠಿಣವಾಗಿ ಹೇಳಲಾರೆ, ಆದರೆ ಅವರು ಕಂಡ ಅಪಾಯ ಇದೇ.

ಕನ್ನಡದ ಮಕ್ಕಳಿಗೆ ವಿಶೇಷವಾಗಿ ಎದುರಾಗುವ ಕೆಲವು ತೊಡಕುಗಳಿವೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಪೈಥಾನಿಗೆ ಅದು ಬಹಳ ಮುಖ್ಯ. 'ಪ್ರಿಂಟ್' ಪೂರ್ತಿ ಚಿಕ್ಕಕ್ಷರದಲ್ಲಿರಬೇಕು. ಮೊಬೈಲಿನಲ್ಲಿ ಅಭ್ಯಾಸ ಮಾಡುವವರಿಗೆ ಕೀಲಿಮಣೆ ತಾನಾಗಿಯೇ ಸಾಲಿನ ಮೊದಲ ಅಕ್ಷರವನ್ನು ದೊಡ್ಡದು ಮಾಡಿಬಿಡುತ್ತದೆ, ಅಂಥ ಹೆಸರೇ ಇಲ್ಲವೆಂದು ಯಂತ್ರ ಹೇಳುತ್ತದೆ, ಮಗು ತನ್ನ ಇಂಗ್ಲಿಷೇ ಸರಿಯಿಲ್ಲವೆಂದು ಅಳುಮುಖ ಮಾಡುತ್ತದೆ. ವಾಟ್ಸ್‌ಆ್ಯಪಿನಲ್ಲಿ ಬಂದ ಸಾಲನ್ನು ಹಾಗೆಯೇ ತಂದು ಅಂಟಿಸಿದರೆ ಬಾಗಿದ ಉದ್ಧರಣ ಚಿಹ್ನೆಗಳಿರುತ್ತವೆ, ಪೈಥಾನಿಗೆ ನೆಟ್ಟಗಿನವು ಬೇಕು. ಕನ್ನಡವನ್ನು ಯೂನಿಕೋಡಿನಲ್ಲೇ ಬರೆಯಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ್ದು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅಲ್ಲ.

ಇನ್ನೊಂದು ನಮ್ಮ ಊರಿನದೇ ಸ್ವಾರಸ್ಯ. ದೊಡ್ಡಗಾಜನೂರಿನ ಹೆಮ್ಮೆಯಾದ ರಾಜ್‌ಕುಮಾರ್ ಅವರ ಹೆಸರನ್ನೇ ಒಬ್ಬ ಹುಡುಗ ಪೈಥಾನಿನಲ್ಲಿ ಹೆಸರಾಗಿ ಬಳಸಹೊರಟ. ಯಂತ್ರ ಒಪ್ಪಲಿಲ್ಲ. 'ಜ್' ಮತ್ತು 'ಕು' ಒತ್ತಾಗಿ ಕೂಡಿಕೊಳ್ಳದಿರಲೆಂದು ನಾವು ನಡುವೆ ಕಾಣದ ಅಕ್ಷರವೊಂದನ್ನು, ಅಗಲವೇ ಇಲ್ಲದ ತಡೆಯೊಂದನ್ನು ಹಾಕುತ್ತೇವೆ. ಹೆಸರುಗಳಲ್ಲಿ ಅಂಥ ಅದೃಶ್ಯ ಅಕ್ಷರ ಇರಕೂಡದೆಂಬುದು ಪೈಥಾನಿನ ನಿಯಮ. ಅದೇ ಹೆಸರು ಉದ್ಧರಣ ಚಿಹ್ನೆಗಳ ಒಳಗೆ ಇದ್ದರೆ ಅಡ್ಡಿಯಿಲ್ಲ. ಅಂಕಿಗಳದೂ ಹೀಗೆಯೇ: ಲೆಕ್ಕದ ಸಾಲಿನಲ್ಲಿ ನೇರವಾಗಿ ೫೦ ಎಂದು ಬರೆದರೆ ತಪ್ಪು, ಆದರೆ ಉದ್ಧರಣ ಚಿಹ್ನೆಯಲ್ಲಿಟ್ಟ "೫೦" ಎಂಬುದನ್ನು ಸಂಖ್ಯೆಯಾಗಿಸಲು 'ಇಂಟ್' ಎಂಬ ಕೆಲಸಕ್ಕೆ ಒಪ್ಪಿಸಿದರೆ ಅದು ಕನ್ನಡ ಅಂಕಿಯನ್ನು ಸರಿಯಾಗಿ ಗುರುತಿಸಿ 50 ಎಂದು ಕೊಡುತ್ತದೆ. ಇದನ್ನು ಮೊದಲ ಸಲ ಕಂಡಾಗ ನಾನೇ ಕುರ್ಚಿಯಿಂದ ಎದ್ದು ನಿಂತಿದ್ದೆ.

ತಪ್ಪಾದಾಗ ಯಂತ್ರ ಕೊಡುವ ಸಂದೇಶಗಳು ಇಂಗ್ಲಿಷಿನಲ್ಲಿಯೇ ಇರುತ್ತವೆ. ಮುಂದೆ ಹೆಚ್ಚಿನ ಓದಿಗೆ ಬೇಕಾದ ಪುಸ್ತಕಗಳೂ ಬಹುಪಾಲು ಇಂಗ್ಲಿಷಿನವೇ. ಇದನ್ನು ಮುಚ್ಚಿಟ್ಟರೆ ಪೋಷಕರಿಗೆ ಮೋಸ ಮಾಡಿದಂತೆ. ಆದ್ದರಿಂದ ಕನ್ನಡ ಮಾಧ್ಯಮದ ಮಗು ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಯಲೇಬೇಕು, ಮತ್ತು ನಮ್ಮ ಶಾಲೆಗಳಲ್ಲಿ ಅದನ್ನು ಕಲಿಸಬೇಕೆಂದು ನಾವು ಹಟ ಹಿಡಿಯಬೇಕು. ಇಂಗ್ಲಿಷನ್ನು ಕಲಿಯುವುದು ಬೇರೆ, ಗಣಿತ ವಿಜ್ಞಾನಗಳನ್ನೆಲ್ಲ ಅರ್ಥವಾಗದ ಇಂಗ್ಲಿಷಿನಲ್ಲಿ ಓದುವುದು ಬೇರೆ.

ಕೊನೆಯದಾಗಿ ನಮ್ಮ ಮಕ್ಕಳು ಮಾಡಿದ ಒಂದು ಕಾರ್ಯಕ್ರಮ. ಪೈಥಾನಿನಲ್ಲಿ ಎರಡು ಪದಗಳ ನಡುವೆ ಕೂಡುವ ಚಿಹ್ನೆ ಹಾಕಿದರೆ ಅದು ಅವನ್ನು ಜೋಡಿಸುತ್ತದೆ. "ಮಳೆ" + "ಕಾಲ" ಎಂದು ಬರೆದಾಗ ಪರದೆಯ ಮೇಲೆ 'ಮಳೆಕಾಲ' ಎಂದು ಬಂತು. ಏಳನೆಯ ತರಗತಿಯ ಹುಡುಗಿಯೊಬ್ಬಳು ತಕ್ಷಣ ಹೇಳಿದಳು, "ಸಾ, ಇದಕ್ಕೆ ಆದೇಶ ಸಂಧಿ ಬರಲ್ಲ." ಬರುವುದಿಲ್ಲವಾದರೆ ಕಲಿಸೋಣ ಎಂದೆ. ಉತ್ತರ ಪದದ ಮೊದಲಲ್ಲಿ 'ಕ' ಇದ್ದರೆ ಅದರ ಜಾಗಕ್ಕೆ 'ಗ' ಬರುತ್ತದೆ. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಕನ್ನಡದ ಸಂಧಿಗಳನ್ನು ಸೂತ್ರಗಳಾಗಿ ಬರೆದದ್ದು ಇಂಥ ನಿಯಮಗಳನ್ನೇ: ಇಂಥದ್ದಿದ್ದರೆ ಇಂಥದ್ದು ಆಗಲಿ. ಮಕ್ಕಳು ಹೀಗೆ ಬರೆದರು:

ಡೆಫ್ ಕೂಡಿಸು(ಮೊದಲು, ನಂತರ):
    ಇಫ್ ನಂತರ[0] == "ಕ":
        ರಿಟರ್ನ್ ಮೊದಲು + "ಗ" + ನಂತರ[1:]
    ರಿಟರ್ನ್ ಮೊದಲು + ನಂತರ

'ಡೆಫ್' ಎಂದರೆ ಹೊಸ ಕೆಲಸವೊಂದಕ್ಕೆ ಹೆಸರಿಡುವುದು. ಆವರಣದಲ್ಲಿರುವವು ಅದಕ್ಕೆ ಒಪ್ಪಿಸುವ ಪದಗಳು. 'ರಿಟರ್ನ್' ಎಂದರೆ ಉತ್ತರವನ್ನು ಹಿಂದಿರುಗಿಸಿ ಅಲ್ಲಿಗೇ ಮುಗಿಸುವುದು. ಪೈಥಾನ್ ಎಣಿಕೆಯನ್ನು ಸೊನ್ನೆಯಿಂದ ಆರಂಭಿಸುತ್ತದೆ, ಹಾಗಾಗಿ ಚೌಕ ಆವರಣದ 0 ಎಂದರೆ ಮೊದಲ ಚಿಹ್ನೆ, '1:' ಎಂದರೆ ಅದರ ಮುಂದಿನಿಂದ ಕೊನೆಯವರೆಗೆ. ಇಲ್ಲೊಂದು ವಿಷಯ ಗಮನಿಸಿ: ನಾವು 'ಕಾಲ' ಎಂಬುದನ್ನು ಎರಡು ಅಕ್ಷರವೆಂದು ಎಣಿಸುತ್ತೇವೆ, ಯಂತ್ರ ಮೂರು ಎನ್ನುತ್ತದೆ, 'ಕ', ದೀರ್ಘದ ಗುರುತು ಮತ್ತು 'ಲ'. ಕಾಗುಣಿತವನ್ನು ಅದು ಬಿಡಿಸಿಯೇ ಇಟ್ಟುಕೊಂಡಿರುತ್ತದೆ. ಆದ್ದರಿಂದಲೇ 'ಕ' ತೆಗೆದು 'ಗ' ಇಟ್ಟರೆ ದೀರ್ಘ ಹಾಗೆಯೇ ಉಳಿದು 'ಗಾಲ' ಆಗುತ್ತದೆ. ಮಳೆಗಾಲ ಬಂತು. 'ಹಳ', 'ಕನ್ನಡ' ಕೊಟ್ಟರೆ ಹಳಗನ್ನಡ ಬಂತು. 'ತ'ಕಾರಕ್ಕೆ 'ದ' ಬರುವಂತೆ ಒಂದು ಎಲಿಫ್ ಸೇರಿಸಿದ ಮೇಲೆ ಬೆಟ್ಟದಾವರೆಯೂ ಅರಳಿತು. 'ಪ'ಕಾರ ಇನ್ನೂ ಬಾಕಿಯಿದೆ, ಅದು ಒಮ್ಮೆ 'ಬ' ಆಗುತ್ತದೆ, ಒಮ್ಮೆ 'ವ' ಆಗುತ್ತದೆ, ಎಂಬುದು ಅವರಿಗೆ ತಲೆನೋವಾಗಿದೆ.

ಮರುದಿನ ಊಟದ ಬಿಡುವಿನಲ್ಲಿ ಆಡುತ್ತಿದ್ದ ಅದೇ ಹುಡುಗಿ ಓಡಿ ಬಂದು, "ಸಾ, ಮರ, ಕೋತಿ ಕೊಟ್ರೆ ಅದು ಮರಗೋತಿ ಅಂತದ!" ಎಂದಳು. ಆಟದ ಹೆಸರು ಮರಕೋತಿ. ಯಾರೂ ಮರಗೋತಿ ಆಡುವುದಿಲ್ಲ. 'ತಲೆಕೆಳಗು' ಕೂಡ ನಿಯಮಕ್ಕೆ ಬಗ್ಗಲಿಲ್ಲ. ಅದಕ್ಕಾಗಿ ಮಕ್ಕಳು ಮೇಲ್ಗಡೆ ಒಂದು ಪಟ್ಟಿ ಮಾಡಿದರು:

ಅಪವಾದಗಳು = ["ಮರಕೋತಿ", "ತಲೆಕೆಳಗು"]

'ಡೆಫ್' ಸಾಲಿನ ಕೆಳಗೆ, ಉಳಿದೆಲ್ಲ ಷರತ್ತುಗಳಿಗಿಂತ ಮೊದಲು, ಎರಡು ಸಾಲು ಸೇರಿತು:

    ಇಫ್ ಮೊದಲು + ನಂತರ ಇನ್ ಅಪವಾದಗಳು:
        ರಿಟರ್ನ್ ಮೊದಲು + ನಂತರ

ಜೋಡಿಸಿದ ಪದ ಅಪವಾದಗಳಲ್ಲಿ ಇದ್ದರೆ ಹಾಗೆಯೇ ಬಿಡು ಎಂದರ್ಥ. ಇದನ್ನು ಕೆಳಗೆ ಬರೆದಿದ್ದರೆ ಪ್ರಯೋಜನವಿರಲಿಲ್ಲ, ಅಷ್ಟರಲ್ಲಿ 'ಗ' ಬಂದು ಕೆಲಸ ಮುಗಿದಿರುತ್ತಿತ್ತು. ಈ ಕ್ರಮದ ವಿಷಯವಾಗಿ ಇಬ್ಬರು ಹುಡುಗರು ಅರ್ಧ ಗಂಟೆ ವಾದ ಮಾಡಿದರು, ಕನ್ನಡದಲ್ಲಿ. ಪಟ್ಟಿ ಇನ್ನೂ ಬೆಳೆಯಬೇಕಿದೆ. ಸಮಾಸದಲ್ಲಿ 'ಕ' ಹಾಗೆಯೇ ಉಳಿಯುವ ಪದಗಳು ಓದುಗರಿಗೆ ಹೊಳೆದರೆ, ಅಜ್ಜ ಅಜ್ಜಿಯರ ಬಾಯಲ್ಲಿ ಕೇಳಿದವಾದರೆ ಇನ್ನೂ ಒಳ್ಳೆಯದು, ಬರೆದು ಮಕ್ಕಳ ಕೈಯಲ್ಲಿ ಶಾಲೆಗೆ ಕಳುಹಿಸಿಕೊಡಿ.